ತಂಬಿಗೆಯಲ್ಲಿಟ್ಟು ಹೋದ ಅಕ್ಕಿ

ತಿಕ್ಕಿ ಬೆಳಗಿಸೋಣವೆಂದು ಬೆಳಿಗ್ಗೆ ಅಟ್ಟದ ಮೇಲಿನ ಹಿತ್ತಾಳೆ ತಂಬಿಗೆಯನ್ನು ಇಳಿಸಿಕೊಂಡೆ. ತಳದಲ್ಲಿ ಅಂಟಿದ್ದ ಕೆಲವು ಕಾಳು ಅಕ್ಕಿ ಕೈಗೆ ಸಿಕ್ಕವು. ಹಳೆಯ ಅಕ್ಕಿಗೆ ಒಂದು ವಾಸನೆಯಿರುತ್ತದೆ, ಪೆಟ್ಟಿಗೆಯಿಂದ ಮದುವೆ ಸೀರೆ ತೆಗೆದಾಗ ಬರುವಂಥದ್ದು. ಅದು ಮೂಗಿಗೆ ತಾಗಿದ್ದೇ ತಡ, ನಿಮ್ಮ ವನಜತ್ತೆ ಒಂಬತ್ತು ವರ್ಷದ ಹುಡುಗಿಯಾಗಿ ಎದುರು ನಿಂತಳು. ಮೊಮ್ಮಕ್ಕಳೇ, ನನಗೆ ಮಾತು ಕಡಿಮೆ ಎಂದು ನಿಮಗೆ ಗೊತ್ತು. ಬಾಯಿ ಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಕೊಲಂಬೋದಲ್ಲಿ ದರ್ಜಿಯಾಗಿದ್ದರು. ಸೊರಬದ ಹತ್ತಿರದ ಈ ಊರಿನಿಂದ ಅಲ್ಲಿಗೆ ಹೇಗೆ ಹೋದರು ಎಂದು ನನ್ನನ್ನು ಕೇಳಬೇಡಿ. ನಾನು ಕೇಳಿದಾಗಲೆಲ್ಲ ಒಂದೊಂದು ಕಥೆ ಹೇಳುತ್ತಿದ್ದರು. ಮದುವೆಯಾದ ಮೇಲೆ ನಾನೂ ಹೋದೆ. ವನಜ ಅಲ್ಲೇ ಹುಟ್ಟಿದಳು. ನಿಮ್ಮ ಅಪ್ಪ ಹುಟ್ಟಿದ್ದು ಶಿಕಾರಿಪುರದಲ್ಲಿ, ನನ್ನ ತವರಿನಲ್ಲಿ. ಬಾಣಂತನಕ್ಕೆಂದು ಬಂದವಳು ಆಮೇಲೆ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿ ನನ್ನ ಅತ್ತೆಯ ಬಳಿಯೇ ಉಳಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಮಗ ಕಣ್ಣು ಬಿಟ್ಟ ಕೂಡಲೇ ಈ ದೇಶದವನು. ಮಗಳು ಮಾತ್ರ ಅರ್ಜಿ ಹಾಕಿಕೊಂಡು ಆಗಬೇಕು. ಹೊಸ ಕಾನೂನು ಎಂದರು. ಸೊರಬದ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದೆವು.

ಮನೆಗೆ ಬಂದು ವಿಚಾರಣೆ ಮಾಡಬೇಕಾದ ಕಂದಾಯದ ಶೇಕದಾರರು ಶಿಕಾರಿಪುರದ ಕಡೆಯವರು, ಒಳ್ಳೆಯವರೇ, ಆದರೆ ಕೈಗೆ ಸಿಗುತ್ತಿರಲಿಲ್ಲ. ಆಗ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಜನಕ್ಕೂ ಕೆಟ್ಟ ಜ್ವರ. ಕಚೇರಿಯವರೆಲ್ಲ ಆ ಓಡಾಟದಲ್ಲಿದ್ದರು. ನಮ್ಮ ಅರ್ಜಿ ಬಿದ್ದಲ್ಲೇ ಬಿದ್ದಿತ್ತು.

ಅಷ್ಟರಲ್ಲಿ ಕೊಲಂಬೋದಲ್ಲಿ ನಿಮ್ಮ ಅಜ್ಜ ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡರು. ದರ್ಜಿಗೆ ಕೈಯಷ್ಟೇ ಕಾಲೂ ಮುಖ್ಯ, ಮಿಷನ್ನು ತುಳಿಯಬೇಕಲ್ಲ. ಎಲ್ಲರೂ ಬನ್ನಿ ಎಂದು ಬರೆದರು. ಅತ್ತೆ ನನ್ನನ್ನು ಕರೆದುಕೊಂಡು ಮತ್ತೆ ಕಚೇರಿಗೆ ನಡೆದರು. ನಾನು ಅವರ ಬೆನ್ನ ಹಿಂದೆ ಕಂಬದ ಹಾಗೆ ನಿಂತೆ.

"ತಾಯಿ ಹೋಗ್ಲಿ, ಮಗಳು ಇಲ್ಲೇ ಇರ್ಲಿ" ಎಂದರು ಶೇಕದಾರರು. "ನಾ ಮನಿಗೆ ಬಂದಾಗ ಮಗು ಕಣ್ಣಿಗೆ ಬೀಳಬೇಕ್ರೀ. ಇಲ್ಲಾಂದ್ರ ಊರಾಗ ವಾಸ ಇಲ್ಲ ಅಂತ ಬರೀಬೇಕಾಗತೈತಿ. ಅರ್ಜಿ ಬಿದ್ದುಹೋದ್ರ, ಹಡಗು ಹತ್ತಿದ ಮಗುನ್ನ ವಾಪಸ್ ಬಿಡ್ತಾರೋ ಇಲ್ಲೋ ನಾ ಹೇಳಾಕ ಆಗಂಗಿಲ್ಲ."

"ಇವ್ಳೊಬ್ಳೇ ಹೋಗಿ ಏನ್ ಮಾಡ್ತಾಳೆ ರೀ? ಇವ್ಳಿಗೆ ಬಾಯೇ ಇಲ್ಲ. ಅಲ್ಲಿ ಇವ್ಳ ಬಾಯಿ ಅಂದ್ರೆ ಆ ಹುಡುಗಿನೇ."

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೊಲಂಬೋದಲ್ಲಿ ನಾನು ಒಂದು ಕಟ್ಟು ಕೊತ್ತಂಬರಿ ಕೊಂಡರೂ ವನಜಳ ಬಾಯಿಂದಲೇ. ತಮಿಳು, ಸಿಂಹಳ ಎರಡೂ ಅವಳಿಗೆ ನೀರು ಕುಡಿದಷ್ಟು ಸುಲಭ. ಶೇಕದಾರರ ಮಾತು ಮನೆಯಲ್ಲಿ ಕೇಳಿದಾಗಿನಿಂದ ಆ ಹುಡುಗಿ ಸಪ್ಪಗಾಗಿದ್ದಳು. "ಅಪ್ಪನ್ನ ನೋಡಕ್ಕೆ ಹೋದ್ರೆ ಅಜ್ಜಿ ಮನೆಗೆ ಬರಕ್ಕಾಗಲ್ವಾ?" ಎಂದು ನನ್ನನ್ನು ಕೇಳಿದಳು. ನಾನು ಅತ್ತೆಯ ಮುಖ ನೋಡಿದೆ.

ಉತ್ತರ ಅತ್ತೆಯಿಂದಲೇ ಬಂತು. "ಅಪ್ಪನ್ನ ನೋಡಕ್ಕೆ ಮಗ್ಳು ಹೋಗ್ಲೇಬೇಕು. ಶೇಕದಾರ್ರನ್ನ ನಾ ನೋಡ್ಕೋತೀನಿ."

ಈ ಮನೆಯಲ್ಲೊಂದು ರೂಢಿಯಿದೆ. ಮನೆಮಗಳು ಹೊರಟಾಗ ಅಕ್ಕಿ, ತೆಂಗಿನಕಾಯಿ ಹಾಕಿ ಮಡಿಲು ತುಂಬುತ್ತಾರೆ. ಅವಳು ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ದೇವರ ಮುಂದಿನ ತಂಬಿಗೆಗೆ ಹಾಕಿ ಹೋಗಬೇಕು. ಅವಳು ತಿರುಗಿ ಬಂದ ದಿನವೇ ಅದು ಅನ್ನವಾಗುವುದು. ಇದು ಹೆಣ್ಣುಮಕ್ಕಳಿಗೆ ಮಾತ್ರ, ಸೊಸೆಯಂದಿರು ಹಾಕುವಂತಿಲ್ಲ. ಅತ್ತೆ ವನಜಳನ್ನು ಲಂಗದಲ್ಲೇ ಮಣೆಯ ಮೇಲೆ ಕೂರಿಸಿದರು.

ಪಕ್ಕದ ಮನೆಯ ಗಂಗಕ್ಕ ಬಾಗಿಲಲ್ಲೇ ನಿಂತು ನಕ್ಕಳು. "ಏನತ್ತೆ, ಮೊಮ್ಮಗಳನ್ನ ಗಂಡನ ಮನೆಗೆ ಕಳಿಸ್ತಿದೀಯಾ? ಇನ್ನೂ ಹಲ್ಲೇ ಪೂರ್ತಿ ಬಂದಿಲ್ಲ."

"ತವರು ಅನ್ನಿಸ್ಕಳಕ್ಕೆ ಮದ್ವೆನೇ ಆಗ್ಬೇಕಾ? ನಗೋದು ಸಾಕು, ಆ ಅರಿಶಿನ ಈ ಕಡೆ ಕೊಡು" ಎಂದರು ಅತ್ತೆ.

ಲಂಗದಲ್ಲಿ ಅಕ್ಕಿ ನಿಲ್ಲಲಿಲ್ಲ, ಅರ್ಧ ನೆಲದ ಪಾಲಾಯಿತು. ತನ್ನ ಮುಷ್ಟಿ ಸಣ್ಣದೆಂದು ವನಜ ಎರಡು ಹಿಡಿ ಹಾಕಿದಳು.

ನಿಮ್ಮ ಅಪ್ಪನನ್ನೂ ಕಟ್ಟಿಕೊಂಡು ರೈಲು, ಹಡಗು ಎಲ್ಲ ದಾಟಿ ಕೊಲಂಬೋ ಸೇರಿದೆವು. ನಿಮ್ಮ ಅಜ್ಜ ಕುಳಿತಲ್ಲೇ ಬಟ್ಟೆ ಕತ್ತರಿಸಿ ಕೊಡುತ್ತಿದ್ದರು, ನಾನು ಮಿಷನ್ನು ತುಳಿಯುತ್ತಿದ್ದೆ. ಪರಗಂಡಸರ ಮುಖ ನೋಡಲು ನಾಚುತ್ತಿದ್ದ ನಾನು ಎಷ್ಟು ಗಂಡಸರ ಷರಾಯಿ ಹೊಲಿದೆನೋ ಲೆಕ್ಕವಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾದದ್ದೂ ಉಂಟು. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಮಾತ್ರ ನನ್ನ ಕಾಲು ತಾನಾಗಿ ನಿಲ್ಲುತ್ತಿತ್ತು. ನಿಮ್ಮ ಅಜ್ಜನ ಕಾಲು ಕೂಡಿಕೊಂಡಿತು, ಓಡಾಡತೊಡಗಿದರು, ಅರ್ಜಿಯ ಸುದ್ದಿಯಿಲ್ಲ. ಕಡೆಗೊಂದು ದಿನ ಕಾಗದ ಬಂತು. ವನಜಳ ನೋಂದಣಿ ಆಗಿತ್ತು. ನಿಮ್ಮ ಅಜ್ಜ ಬೀದಿಗೆಲ್ಲ ಕೇಸರಿಬಾತು ಹಂಚಿ, ಅಂಗಡಿ ಮುಚ್ಚಿ, ನಮ್ಮೊಂದಿಗೇ ಊರಿಗೆ ಹೊರಟರು.

ಶೇಕದಾರರನ್ನು ಹೇಗೆ ನೋಡಿಕೊಂಡರೆಂದು ನಾವು ಊರು ಸೇರಿದ ದಿನ ಅತ್ತೆ ಜಗಲಿಯಲ್ಲಿ ಕುಳಿತು ಹೇಳಿದರು. ಅವರು ಬಂದು "ಮಗು ಎಲ್ಲೈತ್ರೀ?" ಎಂದು ಕೇಳಿದಾಗ ಅತ್ತೆ ಏನನ್ನೂ ಮುಚ್ಚಿಡಲಿಲ್ಲ. ಅಪ್ಪನನ್ನು ನೋಡಲು ಹೋಗಿದ್ದಾಳೆ ಎಂದು ಹೇಳಿ, ಒಳಗಿನಿಂದ ತಂಬಿಗೆ ತಂದು ಎದುರಿಗಿಟ್ಟರು. "ಇದು ಅವ್ಳು ಹಾಕಿಟ್ಟು ಹೋದ ಅಕ್ಕಿ. ಈ ಮನೆ ಮಗಳಲ್ಲದೆ ಬೇರೆ ಯಾರೂ ಇದಕ್ಕೆ ಕೈ ಹಾಕಲ್ಲ."

ಶೇಕದಾರರು ಬಗ್ಗಿ ನೋಡಿದರಂತೆ. ಆಮೇಲೆ, "ನಮ್ಮನ್ಯಾಗೂ ಒಂದು ಡಬ್ಬಿ ಐತಿ, ನಮ್ಮ ತಂಗಿದು. ಬಿಡ್ರಿ, ವಾಸ ಇಲ್ಲೇ, ಅಪ್ಪನ್ನ ನೋಡಿ ಬರಾಕ ಹೋಗೈತಿ ಅಂತ ಬರೀತೀನಿ" ಎಂದು, ಗಂಗಕ್ಕನ ಮನೆಯಲ್ಲೂ ಒಂದು ಮಾತು ಕೇಳಿ, ಕಾಫಿ ಕುಡಿದು ಹೋದರಂತೆ.

ವನಜ ಆಗಲೇ ತಂಬಿಗೆಯೊಳಗೆ ಇಣುಕುತ್ತಿದ್ದಳು. "ಅಜ್ಜಿ, ನಾ ಹಾಕಿದ್ದು ಕೆಂಪಕ್ಕಿ. ಇದು ಬಿಳೀದು."

"ನುಸಿ ಹಿಡೀತು ಮಾರಾಯ್ತಿ. ಹುಣ್ಣಿಮೆಗೊಂದ್ಸಲ ತೆಗೆದು ಬೇರೆ ಹಾಕ್ತಿದ್ದೆ. ನಿನ್ನ ಹೆಸ್ರು ಹೇಳೇ ಹಾಕಿದೀನಿ" ಎಂದರು ಅತ್ತೆ.

"ಹಾಗಾದ್ರೆ ಶೇಕದಾರ್ರು ನೋಡಿದ್ದು ಯಾವ ಅಕ್ಕಿ ಅವ್ವ?" ಎಂದರು ನಿಮ್ಮ ಅಜ್ಜ.

"ಅವತ್ತು ಬೆಳಿಗ್ಗೆನೇ ಹೊಸದು ಹಾಕಿದ್ದೆ. ಪುಣ್ಯ, ನುಸಿ ಇರ್ಲಿಲ್ಲ."

ಆ ದಿನ ನಾನೂ ಬಾಯಿಗೆ ಸೆರಗು ಹಿಡಿಯದೆ ನಕ್ಕೆ. ಬಿಳಿ ಅಕ್ಕಿಯ ಅನ್ನವನ್ನೇ ಎಲ್ಲರೂ ಉಂಡೆವು.

ಈಗ ಶಿರಾಳಕೊಪ್ಪದಲ್ಲಿರುವ ವನಜ, ಬಂದು ನಾಲ್ಕು ದಿನ ಇದ್ದು ಹೋಗು ಎಂದು ಕರೆಯುತ್ತಲೇ ಇದ್ದಾಳೆ. ನಾಳೆ ಹೊರಡುತ್ತೇನೆ. ತಂಬಿಗೆ ಹುಣಸೆಹಣ್ಣಿಗೆ ಫಳಫಳ ಹೊಳೆಯಿತು. ಒರೆಸಿ ದೇವರ ಮುಂದಿಟ್ಟೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಒಂದು ಹಿಡಿ ಅಕ್ಕಿ ತಂದು ಹಾಕಿದೆ. ಸೊಸೆಯಾದವಳು ಹಾಕುವಂತಿಲ್ಲ, ನಿಜ. ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದರೋ ಎಂದು ಯೋಚಿಸಿದೆ. ಅರಿಶಿನ ಈ ಕಡೆ ಕೊಡು ಎನ್ನುತ್ತಿದ್ದರು, ಅಷ್ಟೇ.

ನಾನು ಬರುವ ತನಕ ಆ ಅಕ್ಕಿಯನ್ನು ಬೇಯಿಸಬೇಡಿ. ನುಸಿ ಹಿಡಿದರೆ ಬದಲಾಯಿಸಿ, ನನ್ನ ಹೆಸರು ಹೇಳಿ ಹಾಕಿ.