ಎಡಗಡೆಯ ಗುಂಡಿ

ಮೊಟುಎಕಾ ಎಂಬ ಊರಿನಲ್ಲಿ ಯಾರಿಗಾದರೂ ಬೆಟ್ಟಕ್ಕೆ ಒಯ್ಯಲು ಹಳೆಯ ಫಿಲ್ಮ್ ಕ್ಯಾಮೆರಾ ಬೇಕಾದರೆ ಆಲ್ವಿನ್ ಕರ್ಸ್‌ಲೇಕ್ ಅವರ ಗ್ಯಾರೇಜಿಗೆ ಹೋಗುತ್ತಾರೆ. ಆಲ್ವಿನ್‌ಗೆ ಎಪ್ಪತ್ತಮೂರು ವರ್ಷ. ಬದುಕಿಡೀ ನಲ್ಲಿ, ಪೈಪುಗಳ ಕೆಲಸ ಮಾಡಿದವರು. ನಲವತ್ತು ವರ್ಷದಿಂದ ಊರಿನ ಚಾರಣ ಸಂಘದ ಸದಸ್ಯರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಭಾರವೆಂದು ಅರ್ಧಕ್ಕೆ ಕತ್ತರಿಸಿಕೊಂಡು ಬೆಟ್ಟ ಹತ್ತುವ ಜಾತಿ.

ಅವರ ನಿಯಮಗಳು ನಾಲ್ಕು. ಕ್ಯಾಮೆರಾ ನಾನೂರು ಗ್ರಾಂ ದಾಟಬಾರದು. ಬ್ಯಾಟರಿ ಇಲ್ಲದೆ ಓಡಬೇಕು. ಕೈಗವಸು ತೆಗೆಯದೆ ಚಿತ್ರ ತೆಗೆಯಲು ಬರಬೇಕು. ನಾಲ್ಕನೆಯದು ಆರಿಸುವುದಕ್ಕಲ್ಲ, ಬಳಸುವುದಕ್ಕೆ: ಫಿಲ್ಮ್ ಹಾಕಿದ ಮೇಲೆ ಒಂದೊಂದು ಚಿತ್ರಕ್ಕೂ ಮುಂದಕ್ಕೆ ಸುತ್ತುವಾಗ ಎಡಗಡೆಯ ಗುಂಡಿ ತಾನಾಗಿ ತಿರುಗುತ್ತದೆಯೇ ನೋಡಬೇಕು. ತಿರುಗದಿದ್ದರೆ ಫಿಲ್ಮಿನ ತುದಿ ಒಳಗೆ ಸಿಕ್ಕಿಕೊಂಡಿಲ್ಲ, ಒಂದು ಚಿತ್ರವೂ ಮೂಡುವುದಿಲ್ಲ ಎಂದರ್ಥ. ಚಿತ್ರಗಳ ಎಣಿಕೆಯ ಅಂಕಿ ಮಾತ್ರ ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತಿರುತ್ತದೆ.

ಕಳೆದ ವರ್ಷ ಫೆಬ್ರವರಿಯಲ್ಲಿ ಅವರು ತಮ್ಮ ಹೆಂಡತಿ ನೈರೀ ಅವರಿಗಾಗಿ ಕ್ಯಾಮೆರಾ ಆರಿಸಬೇಕಾಯಿತು. ನೈರೀಗೆ ಕ್ಯಾನ್ಸರ್. ಔಷಧಿಯಿಂದ ಬೆರಳ ತುದಿಗಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಆದರೂ ಇನ್ನೊಮ್ಮೆ ರಾಟಾ ತೊರೆಯ ತಂಗುಮನೆಗೆ ನಡೆದು ಹೋಗಬೇಕು, ಚಿತ್ರಗಳನ್ನು ತಾನೇ ತೆಗೆಯಬೇಕು ಎಂದು ಹಟ ಹಿಡಿದರು. ಮೂವತ್ತೆಂಟು ವರ್ಷ ಚಿತ್ರ ತೆಗೆದವರು ಆಲ್ವಿನ್. ಸಂಘದ ಆಲ್ಬಮ್ಮಿನಲ್ಲಿ ಎಲ್ಲಿ ನೋಡಿದರೂ ನೈರೀ ಇದ್ದರು, ಆಲ್ವಿನ್ ಇರಲಿಲ್ಲ.

ಊಟದ ಮೇಜಿನ ಮೇಲೆ ಮೂರು ಕ್ಯಾಮೆರಾ ಇಟ್ಟರು. ಮೊದಲನೆಯದು ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಆದರೆ ಬ್ಯಾಟರಿ ಬೇಕು. ಎರಡನೆಯದರ ಮಸೂರವನ್ನು ಹೊರಗೆಳೆದು ಸಣ್ಣ ಬಳೆಯೊಂದನ್ನು ತಿರುಗಿಸಬೇಕು. ಮೂರನೆಯದು ತುಸು ಭಾರ, ಮುನ್ನೂರ ತೊಂಬತ್ತು ಗ್ರಾಂ. ಬೆಳಕಿನ ಲೆಕ್ಕವನ್ನು ಬ್ಯಾಟರಿ ಇಲ್ಲದೆಯೇ ತಾನೇ ನೋಡಿಕೊಳ್ಳುತ್ತಿತ್ತು. ದೂರ ಹೊಂದಿಸಲು ಅಂಕಿಗಳ ಬದಲು ಒಂದು ತಲೆ, ಇಬ್ಬರು ಮನುಷ್ಯರು, ಗುಂಪು, ಬೆಟ್ಟ ಎಂಬ ನಾಲ್ಕು ಗುರುತು. ಸುತ್ತುವ ಚಕ್ರವನ್ನು ಹೆಬ್ಬೆರಳ ಬದಿಯಿಂದಲೇ ತಳ್ಳಬಹುದಿತ್ತು.

“ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕೊಡೋದನ್ನ ಕೊಟ್ಟೆಯಲ್ಲೋ ಮುದುಕ,” ಎಂದು ನೈರೀ ಅದನ್ನೇ ಎತ್ತಿಕೊಂಡರು.

ಮಾರ್ಚಿನಲ್ಲಿ ಹೊರಡುವ ದಿನ ಫಿಲ್ಮ್ ಹಾಕಲು ಆಲ್ವಿನ್ ಕೈ ಚಾಚಿದರೆ ಅವರು ಬಿಡಲಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು. ಹಿಂಬದಿಯ ಮುಚ್ಚಳ ಟಕ್ಕೆಂದು ಕೂತಾಗ, ಎಷ್ಟೋ ವಾರಗಳ ಮೇಲೆ ಹೆಂಡತಿ ನಕ್ಕಿದ್ದನ್ನು ಆಲ್ವಿನ್ ಕಂಡರು.

ಮೊದಲ ತೂಗುಸೇತುವೆಯ ಮೇಲೆ ಆಲ್ವಿನ್ ನಿಂತರು, ಹಗ್ಗ ಹಿಡಿದು ಕಪಿಚೇಷ್ಟೆ ಮಾಡಿದರು. ನೈರೀ ಚಿತ್ರ ತೆಗೆದು, ಹತ್ತಿರ ಬಂದು ಚಕ್ರ ಸುತ್ತಿದರು. ಎಡಗಡೆಯ ಗುಂಡಿ ಅಲ್ಲಾಡಲಿಲ್ಲ. ಅಭ್ಯಾಸಬಲದಿಂದ ಆಲ್ವಿನ್‌ರ ಕಣ್ಣು ಅಲ್ಲೇ ಇತ್ತು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬೆಳಗಿನ ಆ ನಗು ನೆನಪಾಗಿ ಅವರು ಸುಮ್ಮನಾದರು. ಮೇಲೆ ಹೋದ ಮೇಲೆ ಸದ್ದಿಲ್ಲದೆ ಸರಿಪಡಿಸಿದರಾಯಿತು ಎಂದುಕೊಂಡರು. ನಾಲ್ಕು ಗಂಟೆಯ ದಾರಿಗೆ ಏಳು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ನೈರೀ ನಿಲ್ಲಿಸಿದಲ್ಲೆಲ್ಲ ಅವರು ಫಿಲ್ಮ್ ಓಡದ ಕ್ಯಾಮೆರಾದೆದುರು ನಿಂತರು: ಬೀಚ್ ಜಾತಿಯ ಮರದ ಬುಡದಲ್ಲಿ, ಚಾಕೊಲೇಟು, ದ್ರಾಕ್ಷಿ ತಿಂದ ಬಂಡೆಯ ಮೇಲೆ, ತೊರೆಯ ನಡುವೆ.

ತಂಗುಮನೆ ತಲುಪಿ, ನೈರೀ ಐವತ್ತು ಹೆಜ್ಜೆಯಾಚೆಯ ಕಕ್ಕಸಿಗೆ ಹೋದಾಗ ಆಲ್ವಿನ್ ಕ್ಯಾಮೆರಾ ತೆರೆದರು. ಫಿಲ್ಮಿನ ತುದಿಯನ್ನು ಸೀಳಿಗೆ ಸಿಕ್ಕಿಸಿ ಸುತ್ತಿದರು, ಗುಂಡಿ ತಿರುಗಿತು. ಮುಚ್ಚಳ ತೆರೆದೊಡನೆ ಹದಿನಾಲ್ಕರಲ್ಲಿದ್ದ ಎಣಿಕೆ ಮತ್ತೆ ಸೊನ್ನೆಗೆ ಹೋಗಿತ್ತು. ಮಸೂರ ಮುಚ್ಚಿಕೊಂಡು ಹದಿನಾಲ್ಕು ಸಲ ಒತ್ತಿದರೆ ಅಂಕಿ ಸರಿಹೋಗುತ್ತಿತ್ತು, ಆದರೆ ಅಷ್ಟೂ ಫಿಲ್ಮ್ ದಂಡ. ಸಾಸಿವೆಯಷ್ಟು ಅಂಕಿ, ಕನ್ನಡಕವಿಲ್ಲದೆ ಅವಳಿಗೆಲ್ಲಿ ಕಾಣುತ್ತದೆ ಎಂದು ಬಿಟ್ಟರು.

ಮರುದಿನ ಹೊರಡುವ ಮುಂಚೆ ಆಲ್ವಿನ್ ನೆಲ ಗುಡಿಸಿ, ಮುಂದೆ ಬರುವವರಿಗೆ ಸೌದೆ ಒಟ್ಟಿದರು. ತಂಗಿದವರೆಲ್ಲ ಹೆಸರು ಬರೆಯುವ ಪುಸ್ತಕದಲ್ಲಿ ಯಾವಾಗಲೂ ಅವರೇ ಬರೆಯುವುದು. ಅವತ್ತು ತಾನು ಬರೆಯುತ್ತೇನೆಂದು ನೈರೀ ಕನ್ನಡಕ ಹಾಕಿಕೊಂಡು ಕೂತರು.

ಇಳಿಯುವಾಗ ತೊರೆಯ ನಡುವೆ ನೈರೀ ಕ್ಯಾಮೆರಾ ಎತ್ತಿದರು. “ಅಲ್ಲೇ ನಿಲ್ಲು ಆಲ್. ಇಲ್ಲಿ ನಿಂದೊಂದು ತೆಗೀಬೇಕು.”

ನಿನ್ನೆ ತೆಗೆದಿದ್ದ ಜಾಗ. ಬಂಡೆಯ ಮೇಲೂ ಹಾಗೇ. ಮರದ ಬುಡದಲ್ಲೂ, ಸೇತುವೆಯ ಮೇಲೂ ಮೊದಲ ಸಲ ಕಂಡವರಂತೆ ನಿಲ್ಲಿಸಿದರು. ಔಷಧಿ ಮರೆವು ತರಬಹುದೆಂದು ದಾದಿ ಹೇಳಿದ್ದಳು. ರೋಗ ತಲೆಗೂ ಏರಿತು ಎಂದು ಆಲ್ವಿನ್ ತೀರ್ಮಾನಿಸಿದರು.

ಆಮೇಲಿನ ಏಳು ವಾರ ಅವರು ಹೆಂಡತಿಯನ್ನು ಹಾಗೇ ನೋಡಿಕೊಂಡರು. ಮಾತ್ರೆಗಳನ್ನು ತಮ್ಮ ಕೈಗೆ ತೆಗೆದುಕೊಂಡರು. ದಿನಪತ್ರಿಕೆಯ ಪದಬಂಧಕ್ಕೆ ಅವರನ್ನು ಕರೆಯುವುದು ಬಿಟ್ಟರು. ನೈರೀ ಮಾತು ಶುರುಮಾಡಿದರೆ ತಾವೇ ಮುಗಿಸುತ್ತಿದ್ದರು. ಬಂದ ಗೆಳೆಯರನ್ನು ಬಾಗಿಲಲ್ಲೇ ತಡೆದು, ಅವಳಿಗೆ ಮರೆವಿದೆಯೆಂದು ತಗ್ಗಿದ ದನಿಯಲ್ಲಿ ಎಚ್ಚರಿಸಿದರು. ದಿನಾ ಬೆಳಿಗ್ಗೆ ಚಹಾದ ಜೊತೆ ವಾರ ಯಾವುದೆಂದು ಹೇಳಿದರು.

“ಇವತ್ತು ಗುರುವಾರ ಅಂತ ನಂಗೆ ಗೊತ್ತು ಆಲ್,” ಎಂದರು ನೈರೀ ಒಮ್ಮೆ. “ದಿನಾ ಯಾಕೆ ಹೇಳ್ತೀಯಾ?”

ಆಲ್ವಿನ್ ಹಣೆ ಸವರಿ, “ಸುಮ್ನೆ ಮಲಕ್ಕೋ,” ಎಂದರು.

ಮೇ ತಿಂಗಳಲ್ಲಿ ನೈರೀ ತೀರಿಕೊಂಡರು. ಫಿಲ್ಮಿನಲ್ಲಿ ಇನ್ನೂ ಐದು ಚಿತ್ರಕ್ಕೆ ಜಾಗವಿತ್ತು. ಪೂರ್ತಿ ಮುಗಿಯದ ಫಿಲ್ಮನ್ನು ತೊಳೆಯಲು ಕೊಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಅಂತ್ಯಕ್ರಿಯೆ ಮುಗಿದ ಮೇಲೆ ಆಲ್ವಿನ್ ಅದನ್ನು ಹಾಗೆಯೇ ಕಳಿಸಿದರು. ಮೂವತ್ತೊಂದು ಚಿತ್ರ ಬಂದವು, ಎಲ್ಲವೂ ಚೊಕ್ಕ. ನೋಡಿ ಡ್ರಾಯರಿಗೆ ಹಾಕಿದರು.

ಸೆಪ್ಟೆಂಬರಿನಲ್ಲಿ ತಂಗುಮನೆಯ ನೀರಿನ ತೊಟ್ಟಿ ಸೋರುತ್ತಿದೆಯೆಂದು ಸಂಘ ಅವರನ್ನು ಕಳಿಸಿತು. ರಿಪೇರಿ ಮುಗಿಸಿ, ಹೆಸರು ಬರೆಯಲು ಪುಸ್ತಕ ತೆರೆದವರು ಮಾರ್ಚಿನ ಹಾಳೆಗೆ ಹಿಂದೆ ಹೋದರು. ಅಕ್ಷರ ಸೊಟ್ಟಗಿದ್ದರೂ ಓದಬಹುದಿತ್ತು.

“ನೈರೀ, ಆಲ್ವಿನ್. ಒಂದು ರಾತ್ರಿ. ಮಳೆ ಇಲ್ಲ. ಫಿಲ್ಮ್ ಸಿಕ್ಕಿಕೊಂಡಿರಲಿಲ್ಲ, ನನ್ನ ಕೈಯ ತಪ್ಪು. ನಾನು ಕಕ್ಕಸಿಗೆ ಹೋದಾಗ ಮುದುಕ ಸರಿ ಮಾಡಿದ್ದಾನೆ, ಎಣಿಕೆ ನೋಡಿದೆ. ಬಾಯಿ ಬಿಟ್ಟಿಲ್ಲ. ನಾನೂ ಬಿಡಲ್ಲ. ಇಳಿಯುವಾಗ ಎಲ್ಲಾ ಕಡೆ ಮತ್ತೆ ನಿಲ್ಲಿಸುತ್ತೇನೆ.”

ಸೆಪ್ಟೆಂಬರಿನ ಹಾಳೆಗೆ ಮರಳಿ ಆಲ್ವಿನ್ ತಮ್ಮ ಹೆಸರು, ತಾರೀಖು, ತೊಟ್ಟಿ ಸರಿಯಾಯಿತು ಎಂದಷ್ಟೇ ಬರೆದು ಬಂದರು. ಮನೆಗೆ ಬಂದು ಡ್ರಾಯರಿನ ಚಿತ್ರಗಳನ್ನು ಮೇಜಿನ ಮೇಲೆ ಹರಡಿದರು. ಕ್ಯಾಮೆರಾಕ್ಕೆಂದು ಗ್ಯಾರೇಜಿಗೆ ಹೋದ ನನಗೂ ತೋರಿಸಿದ್ದಾರೆ. ತೊರೆ, ಬಂಡೆ, ಮರ, ಸೇತುವೆ. ಹತ್ತುವಾಗ ಹಗ್ಗ ಹಿಡಿದು ಜೋತಾಡಿದ ಮನುಷ್ಯ ಒಂದರಲ್ಲೂ ಇಲ್ಲ. ಎಲ್ಲದರಲ್ಲೂ ಒಂದೇ ಮುಖ, ರೋಗಿಯ ಕಡೆಗೆ ಕನಿಕರದಿಂದ ನೋಡುತ್ತಿರುವ ಮುಖ. ಅದನ್ನು ನೈರೀ ಕ್ಯಾಮೆರಾದ ಗಾಜಿನ ಕಿಂಡಿಯಲ್ಲಿ ಮೂವತ್ತೊಂದು ಸಲ ನೋಡಿದ್ದಾರೆ.

ಗ್ಯಾರೇಜಿಗೆ ಜನ ಈಗಲೂ ಬರುತ್ತಾರೆ. ಮೊನ್ನೆ ಬಂದಿದ್ದ ನವದಂಪತಿಗೆ ಆಲ್ವಿನ್ ನಾಲ್ಕೂ ನಿಯಮ ಹೇಳಿ ಮುಗಿಸಿದರು. ಗುಂಡಿ ತಿರುಗದಿದ್ದರೆ ಏನು ಮಾಡಬೇಕೆಂದು ಹುಡುಗಿ ಕೇಳಿದಳು.

“ಯಾರು ನೋಡ್ತೀರೋ ಅವರು ಅಲ್ಲೇ ಹೇಳ್ಬಿಡಿ,” ಎಂದ ಆಲ್ವಿನ್, ಕ್ಯಾಮೆರಾವನ್ನು ತಕ್ಕಡಿಯ ಮೇಲಿಟ್ಟರು.