ಎಕ್ಕಂಬಿಯ ಪೋರ್ಟಿಕೊ ಮತ್ತು ನಾಲ್ಕು ದಿನದ ಚಳಿ

2022ರ ಡಿಸೆಂಬರ್. ನಾನಾಗ ಶಿರಸಿಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ಕಾಂಕ್ರೀಟ್ ಪರೀಕ್ಷಿಸುವ ಎಂಜಿನಿಯರ್. ಎಕ್ಕಂಬಿಯಲ್ಲಿ ಸಭಾಭವನವೊಂದರ ಅಗಲವಾದ ಪೋರ್ಟಿಕೊಗೆ ಸ್ಲ್ಯಾಬ್ ಹಾಕಿ ನಾಲ್ಕು ದಿನವಾಗಿತ್ತು. ಕೆಳಗೆ ಆಸರೆ ಕೊಟ್ಟಿದ್ದ ಕಬ್ಬಿಣದ ಜಾಕಿಗಳನ್ನು ಬಿಚ್ಚಿ ಸಿದ್ದಾಪುರದ ಇನ್ನೊಂದು ಕೆಲಸಕ್ಕೆ ಸಾಗಿಸಲು ಗುತ್ತಿಗೆದಾರ ಗಣಪಣ್ಣನವರಿಗೆ ಎಲ್ಲಿಲ್ಲದ ಅವಸರ. ನಿಗದಿತ ಶಕ್ತಿಯ ಮುಕ್ಕಾಲು ಪಾಲು ಬಾರದೆ ಮುಟ್ಟಕೂಡದೆಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೆ.

ಕಾಂಕ್ರೀಟ್ ಕ್ಯಾಲೆಂಡರ್ ನೋಡಿ ಗಟ್ಟಿಯಾಗುವುದಿಲ್ಲ. ಬೆಚ್ಚಗಿದ್ದರೆ ಬೇಗ, ಚಳಿಯಲ್ಲಿ ನಿಧಾನ. ಅದಕ್ಕೇ ಸ್ಲ್ಯಾಬಿನೊಳಗೆ ಸೆನ್ಸರ್ ಹುದುಗಿಸಿ, ಎಷ್ಟು ಹೊತ್ತು ಎಷ್ಟು ಉಷ್ಣತೆ ಇತ್ತೆಂದು ಕೂಡಿಸಿ ಶಕ್ತಿಯನ್ನು ಅಂದಾಜಿಸುತ್ತೇವೆ. ಇದನ್ನು ಮೆಚ್ಯೂರಿಟಿ ಎನ್ನುತ್ತಾರೆ. ಅದೇ ಕಾಂಕ್ರೀಟನ್ನು ಅಚ್ಚಿಗೆ ಸುರಿದು ಮಾಡಿದ ಚೌಕದ ಗಟ್ಟಿಗಳನ್ನು, ಅಂದರೆ ಕ್ಯೂಬುಗಳನ್ನು, ಯಂತ್ರದಲ್ಲಿ ಒಡೆದೂ ನೋಡುತ್ತೇವೆ.

ಆ ಬೆಳಿಗ್ಗೆ ಗಣಪಣ್ಣ ಕಳಿಸಿದ್ದ ಕ್ಯೂಬುಗಳು ಪ್ರಯೋಗಾಲಯದಲ್ಲಿ ಮುಕ್ಕಾಲು ಪಾಲನ್ನೂ ದಾಟಿದವು. ಗಣಪಣ್ಣ ಫೋನಿನಲ್ಲೇ ಹಿರಿಹಿರಿ ಹಿಗ್ಗಿದರು.

"ಪಾಸಾತು ಅಲ್ದಾ ತಂಗಿ! ಇನ್ನೆಂತಕ್ಕೆ ಕಾಯವು?"

"ಸೆನ್ಸರ್ ನೋಡದ್ದೆ ಮುಟ್ಟಡಿ. ಆನು ಬತ್ತೆ." ನಾನು ಬರುವವರೆಗೆ ಕಾಯಲು ಹೇಳಿದೆ.

"ಹೂಂ" ಅಂದರು. ಅವರ ಹೂಂ ಎಂಥದ್ದೆಂದು ನನಗೆ ಗೊತ್ತು! ಹಲ್ಲು ಕಟಕಟಿಸುವ ಈ ಚಳಿಯಲ್ಲಿ ಕ್ಯೂಬು ಇಷ್ಟು ಬೇಗ ಬಲಿತದ್ದು ಹೇಗೆ? ದಾರಿಯಿಂದ ಮತ್ತೆ ಫೋನ್ ಮಾಡಿದೆ, ಸಿಗಲಿಲ್ಲ. ಸ್ಕೂಟರಿನಲ್ಲಿ ಮಂಜು ಸೀಳಿಕೊಂಡು ಹೋದೆ.

ತಲುಪಿದಾಗ ಅರ್ಧಕ್ಕರ್ಧ ಜಾಕಿಗಳು ಅಂಗಳದಲ್ಲಿ ಬಿದ್ದಿದ್ದವು; ಗಣಪಣ್ಣ ಅವನ್ನು ಎಣಿಸುತ್ತಿದ್ದರು. ಯಲ್ಲಾಪುರದ ಸೆಂಟ್ರಿಂಗ್ ಮೇಸ್ತ್ರಿ ಇಸ್ಮಾಯಿಲ್ ಒಬ್ಬರೇ ಸ್ಲ್ಯಾಬಿನಡಿ ಸುತ್ತಿಗೆ ಹಿಡಿದು ನಿಂತಿದ್ದರು. ಸೆನ್ಸರ್ ನೋಡಿದೆ. ಅರ್ಧ ಶಕ್ತಿಯೂ ಬಂದಿರಲಿಲ್ಲ.

"ಇಸ್ಮಾಯಿಲ್ ಭಾಯ್, ಹೊರಗೆ ಬನ್ನಿ!"

"ಮುಗೀತ್ರಿ ಮೇಡಂ, ಇನ್ನೊಂದ ಸಾಲು."

ಅಷ್ಟರಲ್ಲಿ ಮೇಲೆ ಚಟ್ ಎಂದಿತು. ಗಂಟಲು ಹರಿಯುವಂತೆ ಕೂಗಿದೆ. ಅವರು ಸುತ್ತಿಗೆ ಬಿಸಾಡಿ ಓಡಿಬಂದರು. ಇನ್ನೊಂದು ಹೆಜ್ಜೆ ಸಿಕ್ಕಿದ್ದರೆ ಸಾಕಿತ್ತು. ಕುಸಿದ ಸ್ಲ್ಯಾಬಿನ ಅಂಚು ಅವರ ಬಲಗಾಲಿನ ಮೇಲೆಯೇ ಕೂತಿತು. ಅವರ ಚೀತ್ಕಾರ ಕೇಳುತ್ತಲೇ, ಬಿಚ್ಚಿ ಎಸೆದಿದ್ದ ಜಾಕಿಗಳನ್ನು ಎಳೆದು ತಂದು, ನಾನೂ ಗಣಪಣ್ಣನೂ ಅಳುತ್ತ ಆ ಭಾರವನ್ನು ಎತ್ತಿದೆವು. ಜೀವ ಉಳಿಯಿತು, ಪಾದ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಗಣಪಣ್ಣ ತಲೆ ಚಚ್ಚಿಕೊಂಡರು. "ಚಳಿಗೆ ಕ್ಯೂಬ್ ಹಾಳಾಗ್ತು ಹೇಳಿ ಬಚ್ಚಲಲ್ಲಿ, ಹಂಡೆ ಪಕ್ಕದ ನೀರಲ್ಲಿ ಇಟ್ಟಿದ್ದೆ ತಂಗಿ. ಮೋಸ ಮಾಡವು ಹೇಳಿ ಅಲ್ಲ."

ಅಯ್ಯೋ ಕರ್ಮವೇ! ನಮ್ಮ ಕಡೆ ಚಳಿಗಾಲದಲ್ಲಿ ಹಂಡೆಯ ಒಲೆ ಆರುವುದೇ ಇಲ್ಲ. ಕ್ಯೂಬುಗಳು ಬೆಚ್ಚಗೆ ಬಲಿತವು, ಸ್ಲ್ಯಾಬ್ ಮಂಜಿನಲ್ಲಿ ಹಸಿಯಾಗಿಯೇ ಉಳಿಯಿತು. ಈಗ ನಾನು ಕ್ಯೂಬುಗಳನ್ನು ಸ್ಲ್ಯಾಬಿನ ಮೇಲೆಯೇ ಇಡಿಸುತ್ತೇನೆ.

ನೋಡಲು ಹೋದಾಗ ಇಸ್ಮಾಯಿಲ್ ಕೇಳಿದರು, "ಪಾಸಾಗಿದ್ದು ಯಾವುದ್ರಿ ಮೇಡಂ?"

"ಬಚ್ಚಲಲ್ಲಿದ್ದ ಕ್ಯೂಬು."

"ನಾ ಅದರ ಕೆಳಗ ನಿಂತಿರಲಿಲ್ಲಲ್ರಿ."

ಹುಚ್ಚು ಅನ್ನಿ, ಏನಾದರೂ ಅನ್ನಿ: ಅಂದಿನಿಂದ ಜಾಕಿ ಬಿಚ್ಚಲು ನಾನು ಸಹಿ ಹಾಕಿದರೆ, ಬಿಚ್ಚುವಾಗ ನಾನೂ ಆ ಸ್ಲ್ಯಾಬಿನ ಕೆಳಗೇ ನಿಲ್ಲುತ್ತೇನೆ.