ಪ್ರಸ್ಥಾನದ ಬ್ಯಾಗು

ನನಗೊಂದು ಚಟವಿದೆ. ಯಾವುದೇ ಎರಡು ಊರಿನ ಹೆಸರು ಕಿವಿಗೆ ಬಿದ್ದರೂ ಮೊಬೈಲ್ ತೆಗೆದು ನಡುವಿನ ದೂರ ನೋಡಿಬಿಡುತ್ತೇನೆ. ಹೋಗುವ ಉದ್ದೇಶವೇನೂ ಇರಬೇಕಾಗಿಲ್ಲ. ಧಾರವಾಡದ ದೊಡ್ಡಮ್ಮನಿಗೆ ಹೃದಯದ ಆಪರೇಷನ್ ಎಂದು ಸುದ್ದಿ ಬಂದಾಗಲೂ ಅಷ್ಟೇ. ಮನೆಯವರೆಲ್ಲ ಗಾಬರಿಯಾದರೆ ನಾನು ದೇವನಹಳ್ಳಿ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತು ಎಂದು ನೋಡುತ್ತಿದ್ದೆ. ಸುಮಾರು ಒಂದು ಗಂಟೆ.

ಹೇಳಿದ್ದೇ ತಡ, ಅಮ್ಮ, "ಹಂಗಾದ್ರೆ ಹೋಗಣ. ಅಕ್ಕನ್ನ ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ಕೈ ಹಿಡ್ಕೋಬೇಕು" ಎಂದಳು. ರಾತ್ರಿಯಿಡೀ ಬಸ್ಸಿನಲ್ಲಿ ಕೂರಲು ಅವಳ ಬೆನ್ನು ಒಪ್ಪದೆ, ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು. ಈ ಸಲ ಅವಳು ಹಟ ಹಿಡಿದಿದ್ದಳು. ನಾನು ಆಪರೇಷನ್ನಿನ ಹಿಂದಿನ ದಿನದ ವಿಮಾನಕ್ಕೆ ಟಿಕೆಟ್ ಹಿಡಿದೆ.

ಒಂದು ಗಂಟೆ ಎಂಬುದು ಎಂಥ ಮೋಸದ ಮಾತು ಎಂದು ಆಮೇಲೆ ತಿಳಿಯಿತು. ವಿಮಾನದವರ ಪಾಲಿಗೆ ಪ್ರಯಾಣ ಶುರುವಾಗುವುದು ಅದು ನೆಲ ಬಿಟ್ಟಾಗ. ನಾವು ಚಿಂತಾಮಣಿಯಿಂದ ಶಿಡ್ಲಘಟ್ಟ ದಾಟಿ ದೇವನಹಳ್ಳಿ ಸೇರುವುದು, ಸಾಲಿನಲ್ಲಿ ನಿಂತು ಬೆಲ್ಟು ಬಿಚ್ಚಿ ಕಟ್ಟುವುದು, ಇವೆಲ್ಲ ಯಾರ ಲೆಕ್ಕಕ್ಕೆ? ಅಮ್ಮನ ಲೆಕ್ಕವಂತೂ ಇನ್ನೂ ಹಿಂದಿನಿಂದ ಶುರು. ನಾವು ಮನೆ ಬಿಡಬೇಕಾದದ್ದು ಮಂಗಳವಾರ ಮಧ್ಯಾಹ್ನ, ಸರಿಯಾಗಿ ರಾಹುಕಾಲದಲ್ಲಿ. ಅದಕ್ಕೆ ನಮ್ಮಲ್ಲಿ ಪ್ರಸ್ಥಾನ ಎಂಬ ಉಪಾಯವಿದೆ. ಬೆಳಿಗ್ಗೆ ಒಳ್ಳೆಯ ಹೊತ್ತಿನಲ್ಲಿ ಒಂದು ಬ್ಯಾಗನ್ನು ಪಕ್ಕದ ಮನೆಯಲ್ಲಿಟ್ಟರೆ ಹೊರಟಂತೆಯೇ. ಅದನ್ನು ಮತ್ತೆ ಮನೆಯೊಳಗೆ ತರಬಾರದು, ಹೋಗುವಾಗ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಮುಹೂರ್ತ ಕೂಡದಿದ್ದರೆ ಹಿಂದಿನ ರಾಜರೂ ದಂಡಯಾತ್ರೆಗೆ ಮುಂಚೆ ಕತ್ತಿಯನ್ನು ಕಳಿಸುತ್ತಿದ್ದರಂತೆ. ನಮ್ಮದು ಜಿಪ್ ಕೆಟ್ಟ ಬ್ಯಾಗು. ಅದನ್ನು ಕಳಿಸಿ, ಊಟ ಮಾಡಿ, ಇಬ್ಬರೂ ಒಂದು ನಿದ್ದೆ ತೆಗೆದೆವು.

ಕಾರು ಬಂತು. ನೋಡಿದರೆ ಪಕ್ಕದ ರತ್ನಮ್ಮನವರ ಮನೆಗೆ ಬೀಗ.

"ಬಟ್ಟೆ ತಾನೆ, ಬಿಡಮ್ಮ" ಎಂದೆ.

"ಪ್ರಸ್ಥಾನಕ್ಕೆ ಮುಖ್ಯವಾದ್ದು ಇಡಬೇಕು ಕಣೋ. ನನ್ನ ಆಧಾರ್ ಕಾರ್ಡು ಅದರಲ್ಲೇ ಇಟ್ಟೆ."

ಕಾರ್ಡಿಲ್ಲದೆ ಒಳಗೆ ಬಿಡುವುದಿಲ್ಲ. ಈ ವಿಮಾನ ತಪ್ಪಿದರೆ ಬೆಳಿಗ್ಗೆ ಆಪರೇಷನ್ನಿಗೆ ಮುಂಚೆ ಮುಟ್ಟುವುದಿಲ್ಲ. ರತ್ನಮ್ಮನವರಿಗೆ ಫೋನ್ ಮಾಡಿ ರೇಗಿದೆ.

"ಏಮಪ್ಪಾ, ನಾನೇನು ಕದ್ಕೊಂಡು ಓಡೋಗ್ತೀನಾ? ತಮ್ಮನ ಮಗೂಗೆ ಜ್ವರ ಅಂತ ಶಿಡ್ಲಘಟ್ಟಕ್ಕೆ ಬರಬೇಕಾಯ್ತು. ಬಾಗಿಲು ತಟ್ಟಿದೆ, ಇಬ್ಬರೂ ಒಳ್ಳೆ ನಿದ್ದೇಲಿದ್ರಿ. ಬ್ಯಾಗು ನಿಮ್ಮ ಜಗಲಿ ಮೇಲೆ ಇಟ್ರೆ ಪ್ರಸ್ಥಾನ ಕೆಡ್ತದೆ. ಹೆಂಗೂ ಈ ದಾರೀಲೇ ಬರ್ತೀರಲ್ಲ ಅಂತ ಜೊತೇಲೇ ತಂದೆ. ಬಸ್ ಸ್ಟ್ಯಾಂಡ್ ಹತ್ರ ನಿಂತಿರ್ತೀನಿ, ಬನ್ನಿ."

ನಿಂತಿದ್ದರು, ಬ್ಯಾಗನ್ನು ಎದೆಗೆ ಅವಚಿಕೊಂಡು, ಬಿಸಿಲಿನಲ್ಲಿ. ನನಗೆ ನಾಚಿಕೆಯಾಯಿತು. ಅಮ್ಮ ಮಾತ್ರ, "ನೋಡ್ದಾ, ನಮಗಿಂತ ಮುಂದೆ ಬಂದು ಕೂತಿದೆ" ಎಂದು ಖುಷಿಯಾದಳು.

ವಿಮಾನದಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು ಕಿಟಕಿಯತ್ತ ತಿರುಗುವಷ್ಟರಲ್ಲಿ ಹುಬ್ಬಳ್ಳಿ ಬಂತು. ಭೇಟಿಯ ಹೊತ್ತು ಮುಗಿಯುವುದರೊಳಗೆ ಆಸ್ಪತ್ರೆ ಸೇರಿದೆವು. ದೊಡ್ಡಮ್ಮ ತಂಗಿಯ ಕೈ ಹಿಡಿದು, "ಬರೋಕೆ ಎಷ್ಟೊತ್ತಾಯ್ತೇ?" ಎಂದು ಕೇಳಿದರು. ಅದು ನನ್ನ ವಿಷಯವಾದ್ದರಿಂದ ಬಾಯಿ ತೆರೆದೆ.

ಅಮ್ಮ ಬಿಡಲಿಲ್ಲ. "ಹೊರಟು ಬಾಳ ವರ್ಷ ಆಯ್ತು ಕಣಕ್ಕ. ಇವತ್ತು ಬಂದು ಸೇರಿದೆ" ಎಂದಳು.